ಕರೆಂಟ್ ಇದ್ದಾಗ ಮಾತ್ರ ಕರೆಂಟ್ ಕೊಡುವ ಸೋಲಾರ್

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸು, ರಿಲೀಸು, ಅದೇ ಹಳೇ ಗೋಳು ಬಿಡಿ. ಇವತ್ತು ಬರೀತಿರೋದು ಸಿಟ್ಟಿನಿಂದ. ಆ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೇ ಇರುವುದರಿಂದ ಸ್ವಲ್ಪ ಸಹಿಸಿಕೊಂಡು ಓದಿ.

ಮೊದಲು ಊರಿನ ಬಗ್ಗೆ ಒಂದು ಮಾತು. ನಮ್ಮದು ಸಾಲಿಗ್ರಾಮ. ಹಾಗಂದ ತಕ್ಷಣ "ಓ, ಕಾರಂತರ ಊರಾ?" ಅಂತ ಕೇಳ್ತಾರೆ. ಅಲ್ಲ ಸ್ವಾಮಿ, ಅದು ಉಡುಪಿ ಕಡೆಯ ಸಾಲಿಗ್ರಾಮ. ನಮ್ಮದು ಮೈಸೂರು ಜಿಲ್ಲೆಯದು, ಕಾವೇರಿ ಕಡೆಯದು, ರಾಮಾನುಜಾಚಾರ್ಯರು ಬಂದಿದ್ದರು ಅಂತ ಹೇಳುವ ಊರು. ಮೊದಲು ಕೆ.ಆರ್.ನಗರ ತಾಲೂಕಿಗೆ ಸೇರಿತ್ತು, ಈಗ ಅದೇ ಒಂದು ತಾಲೂಕು. ಸುತ್ತ ಭತ್ತದ ಗದ್ದೆ, ಮನೆ ಹಿಂದೆ ಮುಂದೆ ತೆಂಗು. ಈ ತೆಂಗಿನ ಮರ ಕಥೆಯಲ್ಲಿ ಬರುತ್ತೆ, ನೆನಪಿಟ್ಟುಕೊಳ್ಳಿ.

2025ರ ಏಪ್ರಿಲ್. ವಾರಾಂತ್ಯಕ್ಕೆ ಊರಿಗೆ ಹೋಗಿದ್ದೆ. ಶನಿವಾರ ರಾತ್ರಿ ಒಂಬತ್ತರ ಹೊತ್ತಿಗೆ ಜೋರು ಗಾಳಿ, ಆಲಿಕಲ್ಲು ಮಳೆ. ಎರಡು ಬೀದಿ ಆಚೆ ತೆಂಗಿನ ಮರ ಲೈನಿನ ಮೇಲೆ ಬಿತ್ತು, ಕಂಬ ಮುರೀತು, ಕರೆಂಟ್ ಹೋಯ್ತು. ನಮ್ಮ ಕಡೆ ಮುಂಗಾರಿಗೆ ಮುಂಚೆ ಇದು ಪ್ರತಿ ವರ್ಷದ ಕಥೆ, ಯಾರನ್ನೂ ಬೈಯುವಂಥದ್ದಲ್ಲ. ಆದರೆ ಮನೆಯಲ್ಲಿ ಅಜ್ಜಿ ಇದ್ದಾರೆ. ಐವತ್ತು ವರ್ಷ ಸೌದೆ ಒಲೆ ಊದಿದ ಶ್ವಾಸಕೋಶ. ದಿನಕ್ಕೆ ಹದಿನೈದು ಗಂಟೆ ಆಮ್ಲಜನಕ ಬೇಕು ಅಂತ ಡಾಕ್ಟರು ಹೇಳಿ, ಆಕ್ಸಿಜನ್ ಕಾನ್ಸಂಟ್ರೇಟರ್ ಅನ್ನೋ ಯಂತ್ರ ಮಂಚದ ಪಕ್ಕ ಕೂತಿದೆ. ಕರೆಂಟ್ ಹೋದರೆ ಅದು ಒಂದು ಸಲ ಕಿರುಚಿ ಸುಮ್ಮನಾಗುತ್ತೆ. ಆಪತ್ತಿಗೆ ಅಂತ ಇಟ್ಟಿದ್ದ ಸಿಲಿಂಡರ್‌ನಲ್ಲಿ ರಾತ್ರಿ ಕಳೆಯಿತು. ನಾನು ಅಪ್ಪ ಸರದಿ ಮೇಲೆ ಮುಳ್ಳು ನೋಡುತ್ತಾ ಕೂತಿದ್ದೆವು.

ಬೆಳಗಾಯ್ತು. ಮಳೆ ತೊಳೆದ ಆಕಾಶ, ಚೂರು ಮೋಡ ಇಲ್ಲ. ಹನ್ನೊಂದು ಗಂಟೆಗೆ ಕಣ್ಣು ಬಿಡಲಾಗದ ಬಿಸಿಲು. ನಮ್ಮ ತಾರಸಿ ಮೇಲೆ ಆರು ಸೋಲಾರ್ ಫಲಕ, ಒಟ್ಟು 3 ಕಿಲೋವ್ಯಾಟ್, 2024ರಲ್ಲಿ ನಾನೇ ಮುಂದೆ ನಿಂತು ಹಾಕಿಸಿದ್ದು. ಆ ಹೊತ್ತಿಗೆ ಅದು ಅಜ್ಜಿಯ ಯಂತ್ರದಂಥ ಐದಾರು ಯಂತ್ರವನ್ನಾದರೂ ಒಟ್ಟಿಗೆ ಓಡಿಸಬಹುದು. ಆದರೆ ಇನ್ವರ್ಟರ್ ಮುಂದೆ ಕೆಂಪು ದೀಪ. ಗ್ರಿಡ್ ಇಲ್ಲ ಅಂತ ಸಂದೇಶ. ಅಷ್ಟೆ.

ಅಜ್ಜಿ ಕೇಳಿದ್ರು, "ಬಿಸ್ಲು ಬಂದೈತಲ್ಲ ಮಗ, ಮಿಷನ್ ಯಾಕೆ ಓಡ್ತಿಲ್ಲ?"

ಎಂಟು ಸೆಮಿಸ್ಟರ್ ಇಂಜಿನಿಯರಿಂಗ್ ಓದಿದ ನನ್ನ ಹತ್ತಿರ ಉತ್ತರ ಇತ್ತು. ಉತ್ತರ ಇತ್ತು ಅನ್ನೋದೇ ನನ್ನ ಹೊಟ್ಟೆಯುರಿ. ಅಪ್ಪ ಕೆ.ಆರ್.ನಗರಕ್ಕೆ ಹೋಗಿ ಇನ್ನೊಂದು ಸಿಲಿಂಡರ್ ತಂದರು. ಸಂಜೆ ನಾಲ್ಕಕ್ಕೆ ಕರೆಂಟ್ ಬಂತು. ಅಜ್ಜಿ ಆರಾಮಾಗಿದ್ದಾರೆ, ಅಷ್ಟರಮಟ್ಟಿಗೆ ಬಚಾವ್.

ಈಗ ಆ ಉತ್ತರ ಹೇಳ್ತೀನಿ. ನಿಮ್ಮಲ್ಲಿ ಮನೆ ಮೇಲೆ ಸೋಲಾರ್ ಹಾಕಿಸಿರುವ ಎಷ್ಟೋ ಜನಕ್ಕೆ ಇದು ಗೊತ್ತಿರಲ್ಲ ಅಂತ ನನಗೆ ಅನುಮಾನ.

ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವುದು ಗ್ರಿಡ್‌ಗೆ ಕಟ್ಟಿದ ಇನ್ವರ್ಟರ್. ಅದಕ್ಕೆ ಸ್ವಂತ ತಾಳ ಇಲ್ಲ. ಲೈನಿನಲ್ಲಿ ಬರುವ 230 ವೋಲ್ಟು, 50 ಹರ್ಟ್ಸ್‌ನ ತಾಳ ಹಿಡಿದು ಅದರ ಜೊತೆ ತನ್ನ ಕರೆಂಟ್ ಸೇರಿಸುತ್ತೆ. ಲೈನ್ ಸತ್ತರೆ ಕ್ಷಣದಲ್ಲಿ ತಾನೂ ನಿಲ್ಲಬೇಕು ಅಂತ ನಿಯಮ. ಈ ನಿಯಮವನ್ನು ಬೈಯುವವನಲ್ಲ ನಾನು. ಮುರಿದ ಕಂಬದ ಹತ್ತಿರ ಮಳೆಯಲ್ಲಿ ನೆನೆದುಕೊಂಡು ಪವರ್‌ಮ್ಯಾನ್ ಹತ್ತಿರುತ್ತಾನೆ. ಲೈನ್ ಆಫ್ ಆಗಿದೆ ಅಂತ ನಂಬಿ ತಂತಿ ಮುಟ್ಟುತ್ತಾನೆ. ನಮ್ಮ ತಾರಸಿಯ ಕರೆಂಟ್ ಲೈನಿಗೆ ಹೋಗಿ ಟ್ರಾನ್ಸ್‌ಫಾರ್ಮರ್‌ಗೆ ಹಿಂದಿನಿಂದ ಸಿಕ್ಕರೆ, ಆ ಡಬ್ಬ ಉಲ್ಟಾ ಕೆಲಸ ಮಾಡಿ 230 ವೋಲ್ಟನ್ನು 11,000 ವೋಲ್ಟ್ ಮಾಡಿ ಆ ಕಡೆಗೆ ಕೊಡುತ್ತೆ. ಒಂದು ಜೀವದ ಪ್ರಶ್ನೆ. ಆದ್ದರಿಂದ ನಿಲ್ಲಲೇಬೇಕು.

ಆದರೆ ಲೈನಿಗೆ ಕೊಡುವುದನ್ನು ನಿಲ್ಲಿಸಬೇಕು ಅನ್ನುವುದು ಒಂದು ಮಾತು, ಮನೆಗೆ ಕೊಡುವುದನ್ನೂ ನಿಲ್ಲಿಸಬೇಕು ಅನ್ನುವುದು ಬೇರೆಯೇ ಮಾತು. ಮನೆಯನ್ನು ಲೈನಿನಿಂದ ಕತ್ತರಿಸಿಕೊಂಡು ತನ್ನದೇ ತಾಳ ಹಾಕಿ ಕರೆಂಟ್ ಕೊಡುವ ಇನ್ವರ್ಟರ್ ಇದೆ, ಅದಕ್ಕೆ ಹೈಬ್ರಿಡ್ ಅಂತಾರೆ. ಅದಕ್ಕೊಂದು ಬ್ಯಾಟರಿ ಬೇಕು. ಮೋಡ ಅಡ್ಡ ಬಂದಾಗ, ಫ್ರಿಜ್ಜು ಗಕ್ಕನೆ ಶುರುವಾದಾಗ, ಹೆಚ್ಚು ಕಡಿಮೆಯನ್ನು ತುಂಬಿಕೊಡುವ ತಿಜೋರಿ ಅದು. ಇದೇನು ರಾಕೆಟ್ ಸೈನ್ಸ್ ಅಲ್ಲ. ನಮ್ಮ ಮನೆಗೆ ಅದನ್ನು ಹಾಕಲಿಲ್ಲ, ಹಾಕಬಹುದು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇನ್ನೂ ಕೆಟ್ಟದ್ದು ಹೇಳ್ತೀನಿ ಕೇಳಿ. ಮೊದಲು ನಮ್ಮ ಮನೆಯಲ್ಲಿ ಯುಪಿಎಸ್ ಇತ್ತು. ಎರಡು ಟ್ಯೂಬುಲರ್ ಬ್ಯಾಟರಿ, ವರ್ಷಕ್ಕೆ ನಾಲ್ಕು ಸಲ ಡಿಸ್ಟಿಲ್ಡ್ ವಾಟರ್ ಹಾಕೋದು ಅಪ್ಪನ ಕೆಲಸ. ಸೋಲಾರ್ ಹಾಕಲು ಬಂದಾತ "ಸೋಲಾರ್ ಬಂದ್ಮೇಲೆ ಇದ್ಯಾಕೆ ಸಾರ್, ಜಾಗ ತಿನ್ನುತ್ತೆ" ಅಂದ. ಹಳೇ ಬ್ಯಾಟರಿ ಅವನೇ ತಗೊಂಡು ಬಿಲ್ಲಿನಲ್ಲಿ ಕಡಿಮೆ ಮಾಡಿಕೊಟ್ಟ. ನಾನು ಪಕ್ಕದಲ್ಲೇ ನಿಂತಿದ್ದೆ, ಫೋನಿನಲ್ಲಿ ಆಫೀಸಿನ ಮೇಲ್ ನೋಡುತ್ತಾ. ಕೋಡ್ ರಿವ್ಯೂನಲ್ಲಿ ಬೇರೆಯವರ ತಪ್ಪು ಹುಡುಕುವ ಮಹಾಶಯ, ಮನೆಯ ಇನ್ವರ್ಟರ್‌ನ ಎರಡು ಪುಟದ ಡೇಟಾಶೀಟ್ ಓದಲಿಲ್ಲ. ಅದರಲ್ಲಿ ಎಲ್ಲವೂ ಬರೆದಿತ್ತು.

ಸೋಲಾರ್ ಹಾಕಿಸಿದ್ದಾದರೂ ಯಾಕೆ? ಅದೂ ಅಜ್ಜಿಯ ಯಂತ್ರದಿಂದಲೇ. ಅದು 350 ವ್ಯಾಟ್ ಎಳೆಯುತ್ತೆ. ಹದಿನೈದು ಗಂಟೆಗೆ ಐದು ಯೂನಿಟ್ಟಿಗೂ ಸ್ವಲ್ಪ ಹೆಚ್ಚು, ತಿಂಗಳಿಗೆ 150ಕ್ಕೂ ಹೆಚ್ಚು. 2023ರಲ್ಲಿ ಗೃಹಜ್ಯೋತಿ ಬಂದಾಗ ನಮ್ಮ ಮನೆಗೂ ಬಿಲ್ ಸೊನ್ನೆ ಆಗಿತ್ತು. ಯಂತ್ರ ಬಂದ ಮೇಲೆ 200 ಯೂನಿಟ್ ದಾಟಿತು, ದಾಟಿದರೆ ಪೂರ್ತಿ ಬಿಲ್. ಆಗ ನಾನು "ಸೋಲಾರ್ ಹಾಕ್ಸೋಣ, ಬಿಲ್ ಸೊನ್ನೆ ಮಾಡೋಣ" ಅಂದೆ. ಆಯ್ತು, ಬಿಲ್ ಹೆಚ್ಚು ಕಡಿಮೆ ಸೊನ್ನೆ ಆಯ್ತು. ಬಿಲ್ಲೂ ಸೊನ್ನೆ, ಕರೆಂಟೂ ಸೊನ್ನೆ. :)

ಇದನ್ನು ಬೆಂಗಳೂರಿಗೆ ವಾಪಸ್ ಬಂದು ಒಬ್ಬ ಗೆಳೆಯನಿಗೆ ಹೇಳಿದೆ. ಅವನೂ ನಮ್ಮಂತೆ ಸಾಫ್ಟ್‌ವೇರೇ. "ಬ್ಯಾಟರಿ ಹಾಕ್ಸಬೇಕು ಕಣೋ" ಅಂದಿದ್ದಕ್ಕೆ ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಮಾಡಿ ತೋರಿಸಿದ. ಅವನ ಲೆಕ್ಕ ಇಲ್ಲಿ ಹೇಳಲೇಬೇಕು, ಯಾಕೆಂದರೆ ಲೆಕ್ಕ ಸರಿಯಾಗಿದೆ.

ನೆಟ್ ಮೀಟರಿಂಗ್‌ನಲ್ಲಿ ಮಧ್ಯಾಹ್ನ ಒಂದು ಯೂನಿಟ್ ಲೈನಿಗೆ ಕೊಟ್ಟರೆ ರಾತ್ರಿ ಒಂದು ಯೂನಿಟ್ ಲೆಕ್ಕಕ್ಕೆ ಸಿಗುತ್ತೆ. ಅಂದರೆ ಗ್ರಿಡ್ಡೇ ಒಂದು ಬ್ಯಾಟರಿ, ಅದೂ ಪುಕ್ಕಟೆ, ಸವೆಯದ ಬ್ಯಾಟರಿ. ಅದೇ ಒಂದು ಯೂನಿಟ್ ಮನೆಯ ಲಿಥಿಯಂ ಬ್ಯಾಟರಿಗೆ ತುಂಬಿ ತೆಗೆದರೆ ಶಾಖವಾಗಿ ಹೋಗಿದ್ದು ಕಳೆದು 0.9 ಯೂನಿಟ್ ಕೈಗೆ ಸಿಕ್ಕರೆ ಪುಣ್ಯ. ಸೀಸದ ಬ್ಯಾಟರಿಯಾದರೆ ಇನ್ನೂ ಕಡಿಮೆ. ಅಂದರೆ ಲಕ್ಷಕ್ಕೂ ಹೆಚ್ಚು ದುಡ್ಡು ಕೊಟ್ಟು ದಿನಾ ನಷ್ಟ ಮಾಡಿಕೊಳ್ಳೋದು. "ಪೇಬ್ಯಾಕ್ ಪಿರಿಯಡ್ ಇನ್ಫಿನಿಟಿ ಬರುತ್ತೆ ಮಗಾ, ಶೀಟ್ ಎರರ್ ತೋರಿಸ್ತಿದೆ" ಅಂತ ನಕ್ಕ.

ಈ ಲೆಕ್ಕವನ್ನು ನಾನು ಒಪ್ಪುತ್ತೇನೆ. ಬಿಲ್ ಉಳಿಸಲು ಅಂತ ಬ್ಯಾಟರಿ ಮಾರುವವರು ಬಂದರೆ ಬಾಗಿಲು ಹಾಕಿಕೊಳ್ಳಿ. ಬೆಂಗಳೂರಿನಲ್ಲಿ ಕರೆಂಟ್ ಹೋಗುವುದೇ ಅಪರೂಪವಾದ ಬಡಾವಣೆಗಳಲ್ಲಿ "ಗ್ರಿಡ್‌ನಿಂದ ಸ್ವಾತಂತ್ರ್ಯ" ಅಂತ ಹತ್ತು ಯೂನಿಟ್ಟಿನ ಬ್ಯಾಟರಿಯನ್ನು ಗೋಡೆಗೆ ಮೊಳೆ ಹೊಡೆಸಿಕೊಂಡವರಿದ್ದಾರೆ. ಅದು ಶೋಕಿ, ಅವರಿಷ್ಟ.

ಆದರೆ ನನ್ನ ಗೆಳೆಯನ ಶೀಟ್‌ನಲ್ಲಿ ಒಂದು ಕಾಲಮ್ ಇರಲೇ ಇಲ್ಲ. ಕರೆಂಟ್ ಇಲ್ಲದ ಗಂಟೆಯ ಕಾಲಮ್. ಎಲ್ಲವೂ ಯೂನಿಟ್, ಎಲ್ಲವೂ ರೂಪಾಯಿ. 2025ರ ಏಪ್ರಿಲ್‌ನಿಂದ ಮನೆಗಳಿಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಅಂತ ದರ ನಿಗದಿಯಾಗಿತ್ತು. ಆ ಲೆಕ್ಕದಲ್ಲಿ ಅಜ್ಜಿಯ ಒಂದು ಗಂಟೆಯ ಉಸಿರು ಎರಡು ರೂಪಾಯಿ. ನಾನು ಆ ಭಾನುವಾರ ಮುಳ್ಳು ನೋಡುತ್ತಾ ಕೂತಾಗ ಯಾರಾದರೂ ಬಂದು "ಗಂಟೆಗೆ ಸಾವಿರ ಕೊಡ್ತೀಯಾ?" ಅಂದಿದ್ದರೆ ಎಣಿಸಿ ಕೊಡುತ್ತಿದ್ದೆ. ಬ್ಯಾಟರಿಯಲ್ಲಿ ಕೊಳ್ಳುವುದು ಕರೆಂಟಿನ ಯೂನಿಟ್ ಅಲ್ಲ, ಗಂಟೆ. ಗೆಳೆಯನ ಸ್ಕೂಟರಿನ ಸ್ಟೆಪ್ನಿಗೆ ಪೇಬ್ಯಾಕ್ ಎಷ್ಟು ಅಂತ ಕೇಳಿದೆ. ಅದಕ್ಕೆ ಮಾತ್ರ ಉತ್ತರ ಇಲ್ಲ.

ಗೆಳೆಯನನ್ನು ಬಿಡಿ, ಅವನು ಸರ್ಕಾರದ ಹಾಗೆ ಯೋಚನೆ ಮಾಡಿದ ಅಷ್ಟೆ. ಸರ್ಕಾರದ ಶೀಟ್‌ನಲ್ಲೂ ಆ ಕಾಲಮ್ ಇಲ್ಲ.

ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. ಹೆಸರಿನಲ್ಲೇ ಮುಫ್ತ್ ಬಿಜಲಿ. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿ. 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಅಥವಾ ಅದಕ್ಕಿಂತ ಹೆಚ್ಚಿಗೆ 78 ಸಾವಿರ ಸಹಾಯಧನ. ನಮಗೂ 78 ಸಾವಿರ ಬಂತು, ಅದಕ್ಕೆ ನನ್ನ ತಕರಾರಿಲ್ಲ. ಬ್ಯಾಟರಿ ಇಟ್ಟುಕೊಳ್ಳಬೇಡಿ ಅಂತ ಯೋಜನೆ ಹೇಳುವುದಿಲ್ಲ, ಆದರೆ ಅದಕ್ಕೆ ಸಹಾಯಧನ ಇಲ್ಲ. ಸಹಾಯಧನ ಇಲ್ಲದ್ದನ್ನು ಹಾಕುವವನು ಯಾಕೆ ಹೇಳ್ತಾನೆ? ಕೊಟೇಶನ್ ದೊಡ್ಡದಾದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ. ಹಾಗಾಗಿ ಹಳ್ಳಿಗೂ ಅದೇ ಡಬ್ಬ, ಜಯನಗರಕ್ಕೂ ಅದೇ ಡಬ್ಬ.

ತೆರಿಗೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಫಲಕದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು, ಎಲ್ಲರೂ ಚಪ್ಪಾಳೆ ಹೊಡೆದರು. ಲಿಥಿಯಂ ಬ್ಯಾಟರಿಗೆ ಶೇ 18 ಇದ್ದದ್ದು ಹಾಗೇ ಉಳಿಯಿತು. ಸೀಸದ ಬ್ಯಾಟರಿ ಶೇ 28ರಿಂದ 18ಕ್ಕೆ ಬಂದಿದ್ದೇ ದೊಡ್ಡದು. ಒಂದೇ ಮನೆಯ ಒಂದೇ ವ್ಯವಸ್ಥೆಯಲ್ಲಿ ತಾರಸಿ ಮೇಲಿನ ಭಾಗ ಪರಿಸರಸ್ನೇಹಿ, ಮೆಟ್ಟಿಲ ಕೆಳಗಿನ ಭಾಗ ಐಷಾರಾಮಿ.

ಸರ್ಕಾರಕ್ಕೆ ಸಂಗ್ರಹದ ಮಹತ್ವ ಗೊತ್ತಿಲ್ಲ ಅಂತ ಅಲ್ಲ. ಚೆನ್ನಾಗಿ ಗೊತ್ತು. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಮಧ್ಯಾಹ್ನ ಕರೆಂಟ್ ಹೆಚ್ಚು, ಸಂಜೆ ಆರಕ್ಕೆ ಸೂರ್ಯ ಹೋಗ್ತಾನೆ, ಆರಕ್ಕೇ ಎಲ್ಲರೂ ಸ್ವಿಚ್ ಹಾಕ್ತಾರೆ. ಅದಕ್ಕೇ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕೇ ಬೇಕು ಅಂತ ಹಠ. ಹೆಚ್ಚಾದ ಕರೆಂಟಿನಲ್ಲಿ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತೋದು, ಬೇಕಾದಾಗ ಬಿಡೋದು. ಅದೂ ಒಂದು ಬ್ಯಾಟರಿಯೇ, ಸಿಂಗಳೀಕಗಳ ಕಾಡಿನ ಕೆಳಗೆ ಸುರಂಗ ಕೊರೆದು ಮಾಡುವ ಬ್ಯಾಟರಿ. ದೊಡ್ಡ ಕಂಪನಿಗಳ ಬ್ಯಾಟರಿ ಘಟಕಗಳಿಗೆ ಕೇಂದ್ರ 2023ರ ಸೆಪ್ಟೆಂಬರ್‌ನಲ್ಲಿ 3,760 ಕೋಟಿ ರೂಪಾಯಿ ನೆರವು ಒಪ್ಪಿಕೊಂಡಿತು. 2025ರ ಫೆಬ್ರವರಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ, ಇನ್ನು ಮುಂದೆ ದೊಡ್ಡ ಸೋಲಾರ್ ಟೆಂಡರ್ ಕರೆಯುವಾಗ ಜೊತೆಗೆ ಎರಡು ಗಂಟೆಯ ಸಂಗ್ರಹ ಇರಲಿ ಅಂತ ಸಲಹೆ ಕೊಟ್ಟಿತು. ಸರಿಯಾದ ಸಲಹೆ. ಮೆಗಾವ್ಯಾಟಿಗೆ ಬೇಕಾದ ಬುದ್ಧಿ ಕಿಲೋವ್ಯಾಟಿಗೆ ಯಾಕೆ ಬೇಡ?

ತಮಾಷೆ ಏನು ಗೊತ್ತಾ? ನಮ್ಮ ರಾಜ್ಯಕ್ಕೆ ಸೋಲಾರ್ ಬಂದಿದ್ದೇ ಬ್ಯಾಟರಿ ಜೊತೆಗೆ. ಹರೀಶ್ ಹಂದೆ ಅವರು 1995ರಲ್ಲಿ ಸೆಲ್ಕೋ ಶುರು ಮಾಡಿದಾಗ ಕರಾವಳಿ, ಮಲೆನಾಡಿನ ಮನೆಗಳಿಗೆ ಮಾರಿದ್ದು ಒಂದು ಸಣ್ಣ ಫಲಕ, ಒಂದು 12 ವೋಲ್ಟ್ ಬ್ಯಾಟರಿ, ನಾಲ್ಕು ದೀಪ. ಬ್ಯಾಂಕಿನಿಂದ ಸಾಲ ಕೊಡಿಸಿ ಮಾರಿದರು. ಆಗ ಯಾರೂ "ಎಷ್ಟು ಯೂನಿಟ್ ಉಳಿಯುತ್ತೆ" ಅಂತ ಕೇಳಲಿಲ್ಲ, "ರಾತ್ರಿ ಎಷ್ಟು ಹೊತ್ತು ಉರಿಯುತ್ತೆ" ಅಂತ ಕೇಳಿದರು. ಆ ಕೆಲಸಕ್ಕೆ 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆಮೇಲೆ 2013ರಲ್ಲಿ ಕೆಇಆರ್‌ಸಿ ತಾರಸಿ ಸೋಲಾರ್‌ನ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಅಂತ ದರ ಕಟ್ಟಿತು. ಅಲ್ಲಿಂದ ನೋಡಿ, ಸೋಲಾರ್ ಅಂದರೆ ದೀಪ ಅನ್ನೋದು ಹೋಗಿ ಸೋಲಾರ್ ಅಂದರೆ ಫಿಕ್ಸೆಡ್ ಡಿಪಾಸಿಟ್ ಅಂತಾಯ್ತು. ಆ ದರವೂ ಈಗಿಲ್ಲ. ಹೊಸಬರಿಗೆ ಹೆಚ್ಚುವರಿ ಯೂನಿಟ್ಟಿಗೆ ಸಿಗುವುದು ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಮನಸ್ಥಿತಿ ಮಾತ್ರ ಉಳಿದುಕೊಂಡಿದೆ.

ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಸೆಲ್ಕೋ ಫೌಂಡೇಶನ್ ಜೊತೆ ಸೇರಿ ಸೋಲಾರ್ ಹಾಕುತ್ತಿದ್ದಾರಲ್ಲ, ಅಲ್ಲಿ ಬ್ಯಾಟರಿ ಇರುತ್ತೆ. ಲಸಿಕೆಯ ಫ್ರಿಜ್ಜು, ಹೆರಿಗೆ ಟೇಬಲ್ಲಿನ ದೀಪ ಲೈನ್ ನೋಡಿಕೊಂಡು ಕಾಯುವುದಿಲ್ಲ. ಸರಿ, ಅಜ್ಜಿ ಆಸ್ಪತ್ರೆಯಲ್ಲಿದ್ದರೆ ಬ್ಯಾಟರಿ, ಡಾಕ್ಟರು ಮನೆಗೆ ಕಳಿಸಿದ ಕೂಡಲೇ ಬ್ಯಾಟರಿ ಬೇಡ. ಇನ್ಸುಲಿನ್ ಫ್ರಿಜ್ಜಿನಲ್ಲಿಟ್ಟವರು, ನೆಬ್ಯುಲೈಜರ್ ಹಾಕಿಕೊಳ್ಳುವವರು ನಮ್ಮ ಬೀದಿಯಲ್ಲೇ ಎಷ್ಟು ಜನ ಇದ್ದಾರೆ.

ಇಲ್ಲಿ ಒಂದು ಆಕ್ಷೇಪ ಬರುತ್ತೆ. ಇದನ್ನು ಎತ್ತಿದ್ದು ನಮ್ಮ ಅಪ್ಪನೇ, ನಿವೃತ್ತ ಮೇಷ್ಟ್ರು. "ಅಲ್ಲಯ್ಯ, ಕಂಬ ಗಟ್ಟಿ ಮಾಡ್ರಪ್ಪ ಅಂತ ಕೇಳೋದು ಬಿಟ್ಟು ಮನೆಮನೆಗೂ ಬ್ಯಾಟರಿ ಇಟ್ಕೊಂಡು ಕೂತ್ರೆ, ಇಲ್ಲದವನ ಪಾಡೇನು? ನೀರಿನ ಕಥೆ ಹಿಂಗೇ ಆಯ್ತಲ್ಲ" ಅಂದ್ರು. ನಿಜ. ನಲ್ಲಿ ನೀರು ಕೆಟ್ಟಿತು ಅಂತ ಉಳ್ಳವರು ಮನೆಗೆ ಫಿಲ್ಟರ್ ಹಾಕಿಸಿಕೊಂಡರು, ಆಮೇಲೆ ನಲ್ಲಿ ನೀರಿನ ಬಗ್ಗೆ ಜಗಳ ಆಡುವವರೇ ಇಲ್ಲದಂತಾಯ್ತು. ಬೆಂಗಳೂರಿನಲ್ಲಂತೂ ಪ್ರತಿ ಅಪಾರ್ಟ್‌ಮೆಂಟೂ ಒಂದು ಪುರಸಭೆ, ಸ್ವಂತ ಬೋರು, ಸ್ವಂತ ಜನರೇಟರ್. ನಮ್ಮ ಮನೆಯ ದೀಪ ಉರಿಯುತ್ತಾ ಇದ್ದರೆ ಮುರಿದ ಕಂಬಕ್ಕೆ ಫೋನ್ ಮಾಡುವ ಉತ್ಸಾಹ ನನಗಿರುತ್ತಾ? ಇರಲ್ಲ ಅಂತಲೇ ಅನ್ನಿಸುತ್ತೆ. ಈ ಮಾತು ನನ್ನನ್ನು ತುಂಬಾ ದಿನ ಕಾಡಿತು. ಪೂರ್ತಿ ಉತ್ತರ ಇವತ್ತಿಗೂ ನನ್ನ ಹತ್ತಿರ ಇಲ್ಲ.

ಒಂದಿಷ್ಟು ಮಾತ್ರ ಹೇಳಬಲ್ಲೆ. ಬ್ಯಾಟರಿ ಮನೆಮನೆಗೂ ಇರಲೇಬೇಕು ಅಂತ ನನ್ನ ವಾದವಲ್ಲ. ಬೀದಿಯ ಟ್ರಾನ್ಸ್‌ಫಾರ್ಮರ್ ಪಕ್ಕ ಒಂದು ಸಾಮೂಹಿಕ ಬ್ಯಾಟರಿ ಇಡಲಿ, ಇನ್ನೂ ಒಳ್ಳೇದು, ಅಪ್ಪನಿಗೂ ಖುಷಿ. ಅಲ್ಲಿಯವರೆಗೆ ವೈದ್ಯರ ಚೀಟಿ ಇರುವ ಮನೆಗಳಿಗಾದರೂ ಸಹಾಯಧನದಲ್ಲಿ ಒಂದು ಸಣ್ಣ ಬ್ಯಾಟರಿ ಸೇರಿಸಲಿ. ಅದೂ ಆಗದಿದ್ದರೆ, ಒಂದು ಪೈಸೆ ಖರ್ಚಿಲ್ಲದ ಕೆಲಸ ಇದೆ. ಅರ್ಜಿಯ ಮೇಲೆ, ಕೊಟೇಶನ್ನಿನ ಮೇಲೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ "ಕರೆಂಟ್ ಹೋದಾಗ ಈ ಸೋಲಾರ್ ಕೆಲಸ ಮಾಡುವುದಿಲ್ಲ" ಅಂತ ಒಂದು ಸಾಲು ಅಚ್ಚು ಹಾಕಿಸಲಿ. ಬೀಡಿ ಕಟ್ಟಿನ ಮೇಲೆ ಹಾಕಲ್ವಾ? ಆ ಸಾಲು ಇದ್ದಿದ್ದರೆ ನಮ್ಮಪ್ಪ ಆ ಎರಡು ಬ್ಯಾಟರಿ ಕೊಡುತ್ತಿರಲಿಲ್ಲ. ಮಗನ ಮಾತಿಗಿಂತ ಅಚ್ಚಾದ ಅಕ್ಷರವನ್ನು ಹೆಚ್ಚು ನಂಬುವವರು ಅವರು.

ಇನ್ನು, ಈಗಾಗಲೇ ಸೋಲಾರ್ ಇರುವ ಮನೆಗೆ ಬ್ಯಾಟರಿ ಸೇರಿಸುವುದು. ಇದು ಅಂದುಕೊಂಡಷ್ಟು ಸಲೀಸಲ್ಲ ಅಂತ ಅನುಭವದಿಂದ ಹೇಳ್ತೀನಿ.

ಮಾರನೇ ವಾರ ನಾನು ಮಾಡಿದ್ದು ಗಾಬರಿ ಖರೀದಿ. ಮತ್ತೆ ಒಂದು ಯುಪಿಎಸ್, ಒಂದು 150 ಎಎಚ್ ಟ್ಯೂಬುಲರ್. ಕಾಗದದ ಮೇಲೆ 1.8 ಯೂನಿಟ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬಸಿಯುತ್ತಾ ಹೋದರೆ ಬೇಗ ಸಾಯುತ್ತೆ. ಹಾಗಾಗಿ ಅಜ್ಜಿಯ ಯಂತ್ರಕ್ಕೆ ಎರಡೂವರೆ ಗಂಟೆ, ಅಷ್ಟೇ. ಅದಕ್ಕಿಂತ ದೊಡ್ಡ ಕೊರತೆ, ಕರೆಂಟ್ ಇಲ್ಲದಾಗ ಸೂರ್ಯನಿಂದ ಇದು ತುಂಬಿಕೊಳ್ಳುವುದಿಲ್ಲ. ಆ ಏಪ್ರಿಲ್ ಭಾನುವಾರ ಮತ್ತೆ ಬಂದರೆ ಹನ್ನೊಂದು ಗಂಟೆಯ ಬಿಸಿಲು ಮತ್ತೆ ದಂಡ.

ಸೂರ್ಯನೂ ಬೇಕು ಅಂದರೆ ಎರಡು ದಾರಿ. ಒಂದು, ಇರುವ ಇನ್ವರ್ಟರ್ ಹಾಗೇ ಇಟ್ಟು ಪಕ್ಕದಲ್ಲಿ ಇನ್ನೊಂದು ಬ್ಯಾಟರಿ ಇನ್ವರ್ಟರ್ ಕೂರಿಸೋದು. ಲೈನ್ ಹೋದಾಗ ಅದು ಮನೆಯನ್ನು ಕತ್ತರಿಸಿಕೊಂಡು 50 ಹರ್ಟ್ಸ್ ತಾಳ ಹಾಕುತ್ತೆ, ನಮ್ಮ ಹಳೇ ಇನ್ವರ್ಟರ್ "ಓ, ಕರೆಂಟ್ ಬಂತು" ಅಂತ ಮೋಸಹೋಗಿ ಎದ್ದು ಕೂರುತ್ತೆ. ಬ್ಯಾಟರಿ ತುಂಬಿದಾಗ ತಾಳವನ್ನು ಸ್ವಲ್ಪ ವೇಗ ಮಾಡಿದರೆ, 51 ಹರ್ಟ್ಸ್ ಆಚೀಚೆ, ಹಳೇದು ಗಾಬರಿಯಾಗಿ ಉತ್ಪಾದನೆ ಇಳಿಸುತ್ತೆ. ನನಗೆ ಈ ಉಪಾಯ ಬಹಳ ಇಷ್ಟವಾಯ್ತು, ಎರಡು ಯಂತ್ರ ತಂತಿಯಲ್ಲೇ ಕಣ್ಸನ್ನೆ ಮಾಡಿದ ಹಾಗೆ. ಆದರೆ ಬ್ಯಾಟರಿ ಇನ್ವರ್ಟರಿನ ಸಾಮರ್ಥ್ಯ ಸೋಲಾರ್ ಇನ್ವರ್ಟರಿಗಿಂತ ಕಡಿಮೆ ಇರಬಾರದು, ಹಳೇದರಲ್ಲಿ ಆ ತಾಳಕ್ಕೆ ಹಂತಹಂತವಾಗಿ ಇಳಿಯುವ ಸೆಟ್ಟಿಂಗ್ ಇರಬೇಕು. ನಮ್ಮದು ಇಳಿಯುವುದಿಲ್ಲ, ದಿಢೀರನೆ ಆಫ್ ಆಗುತ್ತೆ. ಬೆಲೆ ಕೇಳಿ ನಾನೂ ಆಫ್ ಆದೆ.

ಎರಡನೇ ದಾರಿ, ಹಳೇ ಇನ್ವರ್ಟರ್ ಕಿತ್ತು ಹೈಬ್ರಿಡ್ ಹಾಕೋದು. ಹೋದ ತಿಂಗಳು ನಾವು ಮಾಡಿದ್ದು ಇದು. ಫಲಕ, ಕಂಬಿ, ಅರ್ಥಿಂಗ್ ಎಲ್ಲಾ ಹಾಗೇ. ಆರು ಫಲಕ ಸರಣಿಯಲ್ಲಿ ಕಟ್ಟಿದರೆ ಹತ್ತಿರ ಹತ್ತಿರ 300 ವೋಲ್ಟ್, ಡಿಸೆಂಬರಿನ ಚಳಿ ಬೆಳಗಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅದು ಹೊಸ ಇನ್ವರ್ಟರಿನ ಮಿತಿಯೊಳಗಿದೆಯಾ ನೋಡಬೇಕು. ಈ ಸಲ ಡೇಟಾಶೀಟ್ ಮೂರು ಸಲ ಓದಿದೆ. :) ವಿದ್ಯುತ್ ಕಂಪನಿಯ ಒಪ್ಪಂದದಲ್ಲಿ ಇನ್ವರ್ಟರಿನ ಸೀರಿಯಲ್ ನಂಬರ್ ಕೂಡ ಇರುವುದರಿಂದ ಹೇಳದೆ ಬದಲಿಸುವ ಹಾಗಿಲ್ಲ, ಮತ್ತೆ ಅರ್ಜಿ, ಮತ್ತೆ ಪರಿಶೀಲನೆ. ಬ್ಯಾಟರಿ 51.2 ವೋಲ್ಟ್, 100 ಎಎಚ್, ಲಿಥಿಯಂ ಐರನ್ ಫಾಸ್ಫೇಟ್, ಅಂದರೆ 5.12 ಯೂನಿಟ್. ಇದನ್ನು ಮುಕ್ಕಾಲಿಗಿಂತ ಹೆಚ್ಚು ಬಸಿದರೂ ಸಾವಿರಾರು ಸಲ ತಡೆಯುತ್ತೆ.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಆಗಿದ್ದು ಸ್ವಿಚ್ ಬೋರ್ಡಿನಲ್ಲಿ. ಗೀಜರ್, ಮೋಟರ್, ಮಿಕ್ಸಿ ಎಲ್ಲವನ್ನೂ ಬ್ಯಾಟರಿಯಿಂದ ಆಚೆ ಹಾಕಿದೆವು. ಒಳಗಿರುವುದು ಅಜ್ಜಿಯ ಯಂತ್ರ, ಎರಡು ಕಡಿಮೆ ವ್ಯಾಟಿನ ಫ್ಯಾನು, ನಾಲ್ಕು ದೀಪ, ರೂಟರ್. ಎಲ್ಲಾ ಸೇರಿ 460 ವ್ಯಾಟ್. ರಾತ್ರಿ ಒಂಬತ್ತಕ್ಕೆ ಕರೆಂಟ್ ಹೋದರೆ ಬೆಳಗಿನ ಆರರವರೆಗೆ ಎಳೆಯಬಹುದು, ಅಷ್ಟು ಹೊತ್ತಿಗೆ ಪೂರ್ವದ ಗದ್ದೆ ಕಡೆಯಿಂದ ಸೂರ್ಯ ಬಂದು ಚಾರ್ಜ್‌ಗೆ ಕೈ ಹಾಕುತ್ತಾನೆ. ಹತ್ತು ಯೂನಿಟ್ಟಿನ ಬ್ಯಾಟರಿ ಬೇಕಿಲ್ಲ, ಐದು ಸಾಕು, ಯಾವುದು ಬೇಕು ಯಾವುದು ಬೇಡ ಅಂತ ಮೊದಲು ಜಗಳ ಆಡಿಕೊಂಡರೆ. ನಮ್ಮಲ್ಲಿ ಟಿವಿ ವಿಷಯಕ್ಕೆ ಅಮ್ಮ ಇನ್ನೂ ಮಾತು ಬಿಟ್ಟಿದ್ದಾರೆ.

ಖರ್ಚು? ಇನ್ವರ್ಟರ್, ಬ್ಯಾಟರಿ, ವೈರಿಂಗ್ ಸೇರಿ ಒಂದೂ ಮುಕ್ಕಾಲು ಲಕ್ಷ. 2024ರಲ್ಲೇ ಹೈಬ್ರಿಡ್ ಹಾಕಿಸಿದ್ದರೆ ಆ ಇನ್ವರ್ಟರಿಗೆ 25 ಸಾವಿರ ಹೆಚ್ಚಾಗುತ್ತಿತ್ತು, ಬ್ಯಾಟರಿಯನ್ನು ದುಡ್ಡಾದಾಗ ಸೇರಿಸಬಹುದಿತ್ತು. ಈಗ ಎರಡು ವರ್ಷವೂ ಆಗದ ಒಳ್ಳೇ ಇನ್ವರ್ಟರ್ ಒಂದು ಅಟ್ಟದ ಮೇಲೆ ಮಲಗಿದೆ. ನೀವು ಇನ್ನೂ ಹಾಕಿಸದವರಾದರೆ, ಬ್ಯಾಟರಿ ಇವತ್ತು ಬೇಡ ಅನ್ನಿಸಿದರೂ ಇನ್ವರ್ಟರ್ ಹೈಬ್ರಿಡ್ ಇರಲಿ. ಯಾರಿಗಾದರೂ ಸಬ್ಸಿಡಿ ಹೋಗಿಬಿಡುತ್ತೆ ಅಂತ ಹೆದರಿಸಿದರೆ ಹೆದರಬೇಡಿ, ಫಲಕದ ಪಾಲಿನ ಸಹಾಯಧನ ಎಲ್ಲೂ ಹೋಗಲ್ಲ.

ಕೊನೆಗೆ ಒಂದು ಎಚ್ಚರಿಕೆ. ಊರಿನಲ್ಲಿ ಒಬ್ಬರು "ಜನರೇಟರ್ ಹಾಕಿ ಸಾರ್, ಅದರ ಕರೆಂಟ್ ನೋಡಿ ಸೋಲಾರ್ ತಾನಾಗೇ ಆನ್ ಆಗುತ್ತೆ" ಅಂತ ಉಪಾಯ ಹೇಳಿದರು. ಆಗುತ್ತೆ ನಿಜ. ಮನೆಯ ಖರ್ಚಿಗಿಂತ ಸೋಲಾರ್ ಹೆಚ್ಚಾದ ಕ್ಷಣ ಅದು ಜನರೇಟರ್‌ನ ಒಳಕ್ಕೇ ನುಗ್ಗುತ್ತೆ, ಜನರೇಟರ್ ಸುಟ್ಟು ಕೂರುತ್ತೆ. ಮಾಡಬೇಡಿ.

ಮನೆ ಮೇಲೆ ಸೋಲಾರ್ ಇರುವವರೆಲ್ಲ ಈ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಕೆಲಸ ಮಾಡಿ. ಮೇನ್ ಸ್ವಿಚ್ ಆಫ್ ಮಾಡಿ, ಫ್ಯಾನ್ ತಿರುಗುತ್ತಾ ನೋಡಿ. ಏನಾಯ್ತು ಅಂತ ಕೆಳಗೆ ಬರೆದು ತಿಳಿಸಿ, ಯಾವ ಊರು, ಯಾವ ವರ್ಷ ಹಾಕಿಸಿದ್ದು, ಹಾಕಿದವರು ಮೊದಲೇ ಹೇಳಿದ್ದರಾ ಅನ್ನೋದೂ ಸೇರಿಸಿ. ಒಂದಿಪ್ಪತ್ತು ಉತ್ತರ ಬಂದರೆ ಎಲ್ಲಾ ಒಟ್ಟು ಮಾಡಿ ಕೆಇಆರ್‌ಸಿಗೆ ಕಳಿಸುವ ಯೋಚನೆ ಇದೆ. ಪತ್ರದ ಕರಡು ಅಪ್ಪನೇ ಬರೀತಿದ್ದಾರೆ. ಮೊದಲನೇ ಪ್ಯಾರಾ ಕಂಬದ ಬಗ್ಗೆಯಂತೆ.